ಅತ್ತೆಯ ಕೋಣೆಯ ಕೆಳಗೆ

ಚಾವಣಿಯಲ್ಲಿ ಸ್ಪೀಕರ್ ಕೂರಿಸಿಕೊಡಿ ಎಂದು ಫೋನ್ ಮಾಡುವವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಸುಳ್ಳು ಹೇಳುತ್ತಾರೆ. ಸಿನಿಮಾ ಎಂದರೆ ಪ್ರಾಣ ಎನ್ನುತ್ತಾರೆ. ಹೋಗಿ ನೋಡಿದರೆ ಮಹಡಿಯ ಮೇಲೆ ಮಗಳು ಡ್ರಮ್ ಬಡಿಯುತ್ತಿರುತ್ತಾಳೆ, ಇಲ್ಲವೇ ಪಕ್ಕದ ಗೋಡೆಯಾಚೆ ಯಾರದೋ ನಾಯಿ ದಿನವಿಡೀ ಊಳಿಡುತ್ತಿರುತ್ತದೆ. ಅವರಿಗೆ ಬೇಕಾಗಿರುವುದು ಸದ್ದಲ್ಲ, ಸದ್ದೇ ಇಲ್ಲದ ಒಂದು ಕೋಣೆ. ಅದನ್ನು ನೇರವಾಗಿ ಕೇಳಲು ನಾಚಿಕೆ, ಅಷ್ಟೇ. ಹತ್ತೊಂಬತ್ತು ವರ್ಷದಿಂದ ಫ್ಯೂನ್ ದ್ವೀಪದಲ್ಲಿ ಇದೇ ಕೆಲಸ ಮಾಡಿಕೊಂಡಿರುವ ಬಡಗಿ ನಾನು, ಹೆಸರು ಥೋರಾ. ಈ ನಾಟಕವೆಲ್ಲ ನನಗೆ ಬಾಯಿಪಾಠ.

ಹಾಗೆ ಫೋನ್ ಮಾಡಿದ ಲೋನೆ ಎಂಬಾಕೆ ಹೇಳಿದ್ದು ಅರ್ಧ ನಿಜ. ಉಳಿದ ಅರ್ಧ ಹೊರಗೆ ಬರಲು ಎರಡು ತಿಂಗಳು ಹಿಡಿಯಿತು. ಅಷ್ಟರಲ್ಲಿ ನಾನು ಆ ಕೋಣೆಯ ಒಂದೊಂದು ಸಂದನ್ನೂ ಮುಚ್ಚಿಯಾಗಿತ್ತು.

ಸ್ವೆನ್‌ಬೋರ್ಗ್ ಬಂದರಿನ ಮೇಲ್ಗಡೆ ಅವರದು ಕೆಂಪು ಇಟ್ಟಿಗೆಯ ಹಳೆಯ ಮನೆ. ಲೋನೆಗೆ ಐವತ್ತೆಂಟು. ಗಂಡ ಎಸ್ಕಿಲ್ ಎದುರು ದ್ವೀಪಕ್ಕೆ ಹೋಗಿಬರುವ ಹಡಗಿನಲ್ಲಿ ಎಂಜಿನ್ ನೋಡಿಕೊಳ್ಳುವವನು, ಬೆಳಿಗ್ಗೆ ಹೋದರೆ ಸಂಜೆಗೇ ಬರುವುದು. ನಾನು ಮೊದಲ ಸಲ ಅಳತೆಗೆ ಹೋದದ್ದು ಅಕ್ಟೋಬರಿನಲ್ಲಿ. ಕಾಫಿ ಇತ್ತು, ಬಿಸಿ ಬನ್ನು, ಬೆಣ್ಣೆ, ಚೀಸು ಎಲ್ಲ ಇತ್ತು. ಕೆಲಸದವರಿಗೆ ಒಳ್ಳೆಯ ಚೀಸು ಇಡುವ ಮನೆಯ ಬಗ್ಗೆ ನನಗೆ ತಟ್ಟನೆ ಪ್ರೀತಿ ಹುಟ್ಟುತ್ತದೆ. ಅದು ನನ್ನ ದೌರ್ಬಲ್ಯ.

"ಮೇಲಿನ ಸದ್ದು ಕೆಳಗೆ ಬರಬಾರದು," ಎಂದಳು ಲೋನೆ.

ಎಲ್ಲರೂ ಬಾಯಿಬಿಟ್ಟು ಕೇಳುವುದು ಕೆಳಗಿನ ಸದ್ದು ಮೇಲೆ ಹೋಗಬಾರದು ಎಂದು. ಮೇಲೆ ಯಾರಿದ್ದಾರೆ ಎಂದು ಕೇಳಿದೆ.

"ಯಾರೂ ಇಲ್ಲ."

"ಯಾರೂ ಇಲ್ದಿದ್ರೆ ಸದ್ದು ಮಾಡೋರ್ಯಾರು?"

"ನಮ್ಮತ್ತೆ. ಫೆಬ್ರವರೀಲಿ ತೀರ್ಕೊಂಡ್ರು," ಎಂದಳು, ಬನ್ನಿಗೆ ಬೆಣ್ಣೆ ಸವರುತ್ತಲೇ. "ನನಗೆ ತಲೆ ಕೆಟ್ಟಿದೆ ಅಂದ್ಕೋ, ಪರವಾಗಿಲ್ಲ. ಕೆಲಸ ಮಾತ್ರ ಸರಿಯಾಗಿ ಮಾಡು."

ಹಾಗೆ ಕೇಳಿದರೆ ನನಗೆ ಇಲ್ಲ ಎನ್ನಲು ಬರುವುದಿಲ್ಲ. ಸಂಗತಿ ಇಷ್ಟು. ಅತ್ತೆ ವಾಲ್ಬೋರ್ಗ್ ಬಿದ್ದು ಸೊಂಟ ಮುರಿದುಕೊಂಡು ಮೇಲಿನ ಕೋಣೆಯ ಮಂಚ ಹಿಡಿದು ಹನ್ನೊಂದು ವರ್ಷ ಬದುಕಿದರು. ಲೋನೆ ಶಾಲೆಯ ಗ್ರಂಥಾಲಯದ ಕೆಲಸ ಬಿಟ್ಟು ನೋಡಿಕೊಂಡಳು. ಮುದುಕಿಯ ಕೈಯಲ್ಲಿ ಒಂದು ಕೋಲಿತ್ತು. ಏನಾದರೂ ಬೇಕೆಂದರೆ ಅದರಿಂದ ನೆಲ ಬಡಿಯುವುದು. ಒಂದು ಏಟು ಎಂದರೆ ನೀರು, ಎರಡೆಂದರೆ ಬಚ್ಚಲು, ಮೂರೆಂದರೆ ನೋವು. ಕೆಳಗಿನಿಂದ ಲೋನೆ ಚಾವಣಿಯತ್ತ ಮುಖವೆತ್ತಿ "ಬಂದೆ ಅತ್ತೆ" ಎಂದು ಕೂಗಬೇಕು. ಕೂಗಿದರೆ ಬಡಿತ ನಿಲ್ಲುತ್ತಿತ್ತು, ಕೂಗದಿದ್ದರೆ ಕೂಗುವವರೆಗೂ ನಡೆಯುತ್ತಿತ್ತು.

ಲೋನೆಗೆ ಸಿನಿಮಾ ಹುಚ್ಚು ನಿಜಕ್ಕೂ ಇತ್ತು. ಹುಡುಗಿಯಾಗಿದ್ದಾಗ ಊರಿನ ಚಿತ್ರಮಂದಿರದಲ್ಲಿ ಟಿಕೆಟ್ ಹರಿಯುತ್ತಿದ್ದವಳು. ಆದರೆ ಹನ್ನೊಂದು ವರ್ಷದಲ್ಲಿ ಅವಳು ಒಂದೇ ಒಂದು ಸಿನಿಮಾವನ್ನೂ ಕೊನೆಯವರೆಗೆ ನೋಡಿರಲಿಲ್ಲ. ಮುಕ್ಕಾಲು ಭಾಗ ಆಗುವಷ್ಟರಲ್ಲಿ ಮೇಲೆ ಕೋಲು ಬೀಳುತ್ತಿತ್ತು. ಹತ್ತಿಳಿದು ಬರುವಷ್ಟರಲ್ಲಿ ಎಸ್ಕಿಲ್ ಚಾನೆಲ್ ಬದಲಿಸಿರುತ್ತಿದ್ದ. ಯಾರೇ ಮನೆಗೆ ಬಂದರೂ ಇಂಥ ಸಿನಿಮಾ ಕೊನೆಗೆ ಏನಾಯ್ತು ಎಂದು ಕೇಳುವುದು ಅವಳ ರೂಢಿಯಾಗಿಬಿಟ್ಟಿತ್ತು. ಅತ್ತೆಯನ್ನು ಮಣ್ಣು ಮಾಡಿ ಬಂದ ವಾರ, ಈಗ ಒಂದನ್ನು ಪೂರ್ತಿ ನೋಡೋಣ ಎಂದು ಕೂತಳಂತೆ. ಮುಕ್ಕಾಲು ಭಾಗಕ್ಕೆ ಮೇಲಿಂದ ಒಂದು ಏಟು ಬಿತ್ತು. ಎದ್ದು ನೀರು ತೆಗೆದುಕೊಂಡು ಮೆಟ್ಟಿಲು ಹತ್ತಿ ಬಾಗಿಲ ಬಳಿ ನಿಂತ ಮೇಲೆ ನೆನಪಾಯಿತಂತೆ.

"ಎಸ್ಕಿಲ್‌ಗೆ ಕೇಳ್ಸುತ್ತಾ?" ಎಂದೆ.

"ಅಮ್ಮ ಬದುಕಿದ್ದಾಗ್ಲೇ ಅವ್ನಿಗೆ ಕೇಳಿಸ್ತಿರ್ಲಿಲ್ಲ, ಈಗೇನು ಕೇಳಿಸೋದು?"

ಅವಳಿಗೆ ಬೇಕಾಗಿದ್ದದ್ದು ಅಷ್ಟೇ. ಒಂದು ಸಿನಿಮಾ, ಮೊದಲಿಂದ ಕೊನೆಯವರೆಗೆ, ಮಧ್ಯೆ ಏಳದೆ. ನನಗೆ ದೆವ್ವದ ಮಾತಿನಲ್ಲಿ ನಂಬಿಕೆಯಿರಲಿಲ್ಲ. ಹನ್ನೊಂದು ವರ್ಷ ಕಿವಿ ಮೇಲೆ ಬಿದ್ದ ಸದ್ದು ನಿಂತ ಮೇಲೂ ಕೇಳಿಸಬಹುದು, ಅದಕ್ಕೆ ಒಳ್ಳೆಯ ಚಾವಣಿಯೇ ಮದ್ದು ಎಂದುಕೊಂಡೆ. ಮೇಲಿನ ಒಂದು ಪಿಸುಮಾತೂ ಕೆಳಗೆ ಇಳಿಯದ ಹಾಗೆ ಮಾಡಿಕೊಡುತ್ತೇನೆ ಎಂದು ಕೈ ಕುಲುಕಿದೆ.

ನವೆಂಬರ್ ಮೊದಲ ವಾರ ಕೆಲಸಕ್ಕೆ ಇಳಿದೆವು. ಜೊತೆಗೆ ಪ್ರೆಬೆನ್ ಇದ್ದ. ತಂತಿಯ ಕೆಲಸವೆಲ್ಲ ಅವನದು. ವಯಸ್ಸು ಅರವತ್ತೊಂದು, ನಾಲಿಗೆಗೆ ಮಾತ್ರ ಹದಿನಾರು. ಸತ್ತ ಅತ್ತೆಯ ವಿಷಯ ಹೇಳಿದ್ದೇ ತಡ, ನನ್ನ ಅತ್ತೆ ಬದುಕಿದ್ದಾರೆ, ಅವರಿಗೂ ಇಂಥದೊಂದು ಚಾವಣಿ ಮಾಡಿಕೊಡು ಎಂದು ಶುರು ಹಚ್ಚಿಕೊಂಡ.

ಹಳೆಯ ಮನೆಗಳಲ್ಲಿ ನಮ್ಮವರು ಮಹಡಿಯ ತೊಲೆಗಳ ನಡುವೆ ಹಲಗೆ ಹೊದಿಸಿ ಅದರ ಮೇಲೆ ಜೇಡಿಮಣ್ಣು ಮೆತ್ತುತ್ತಿದ್ದರು. ಸದ್ದು ತಡೆಯಲು ಆಗ ಅದೇ ಉಪಾಯ. ಆದರೆ ಚಾವಣಿಯೊಳಗೆ ಸ್ಪೀಕರ್ ಹುದುಗಿಸಬೇಕೆಂದರೆ ಒಂದು ಗೇಣು ಆಳ ಬೇಕು, ಅದಕ್ಕೆ ಸುತ್ತ ಮುಚ್ಚಿದ ಪೆಟ್ಟಿಗೆ ಬೇಕು. ಪೆಟ್ಟಿಗೆಯಿಲ್ಲದ ಸ್ಪೀಕರ್ ಎಂದರೆ ಚಾವಣಿಗೆ ಕೊರೆದ ತೂತು, ಬೇರೇನಲ್ಲ. ಹಾಗಾಗಿ ಚಾವಣಿಯ ಹಳೆಯ ಗಾರೆಯನ್ನೆಲ್ಲ ಕಿತ್ತು, ಹಲಗೆ ಬಿಚ್ಚಿ, ಮಣ್ಣು ಇಳಿಸಿದೆವು. ಒಣಗಿ ಕಲ್ಲಾಗಿದ್ದ ಮಣ್ಣಿನಲ್ಲಿ ಅದನ್ನು ಮೆತ್ತಿದವರ ಹೆಬ್ಬೆರಳ ಗುರುತು ಹಾಗೇ ಇತ್ತು. ಮೂರನೆಯ ದಿನಕ್ಕೆ ಕೋಣೆ ಬರಿಮೈಯಾಗಿ ನಿಂತಿತ್ತು, ತಲೆಯ ಮೇಲೆ ತೊಲೆಗಳು ಮತ್ತು ಅತ್ತೆಯ ಕೋಣೆಯ ನೆಲಹಲಗೆಯ ತಳ, ಅಷ್ಟೇ.

ಬೆಳಿಗ್ಗೆ ಹತ್ತೂಕಾಲಿನ ಕಾಫಿಗೆ ಮೂವರೂ ಅದೇ ಕೋಣೆಯಲ್ಲಿ ಮಣ್ಣಿನ ಚೀಲಗಳ ಮೇಲೆ ಕುಳಿತಿದ್ದೆವು. ಪ್ರೆಬೆನ್ ಏನೋ ಪೋಲಿ ಮಾತು ಹೇಳುತ್ತಿದ್ದ. ಮೇಲೆ ಟಕ್ ಎಂದಿತು. ಒಂದೇ ಏಟು. ದೊಡ್ಡದೇನಲ್ಲ, ಆದರೆ ಮರದ ಮೇಲೆ ಮರ ಬಿದ್ದ ಸದ್ದು. ಲೋನೆ ಮಾತಿನ ಮಧ್ಯದಲ್ಲೇ ಎದ್ದಳು, ಬಟ್ಟಲು ಕೆಳಗಿಟ್ಟಳು, ನಾಲ್ಕು ಹೆಜ್ಜೆ ಮೆಟ್ಟಿಲ ಕಡೆ ನಡೆದಳು. ಆಮೇಲೆ ನಿಂತು, ನಮ್ಮ ಮುಖ ನೋಡಿ, ಕೆಂಪಾಗಿ, ಚಾವಣಿಯತ್ತ ತಿರುಗಿ ಮೆಲ್ಲಗೆ "ಬಂದೆ ಅತ್ತೆ" ಎಂದಳು. ಮತ್ತೆ ಸದ್ದಾಗಲಿಲ್ಲ.

ಪ್ರೆಬೆನ್ ಅದನ್ನು ಬಿಸಿನೀರಿನ ಪೈಪು ಎಂದ. ಕಾದರೆ ಹಿಗ್ಗುತ್ತದೆ, ಟಕ್ ಎನ್ನುತ್ತದೆ, ಪ್ರತಿ ಮನೆಯಲ್ಲೂ ಇದೇ ಕಥೆ ಎಂದ. ನೆಲಮಾಳಿಗೆಗೆ ಹೋಗಿ ಬಿಸಿನೀರೇ ನಿಲ್ಲಿಸಿ ಬಂದ. ಎರಡು ಗಂಟೆ ಕಳೆಯಿತು, ಪೈಪುಗಳೆಲ್ಲ ತಣ್ಣಗಾದವು. ನಾನು ಏಣಿಯ ಮೇಲೆ ನಿಂತು ನೆಲಹಲಗೆಯ ತಳಕ್ಕೆ ಅಂಗೈ ಒತ್ತಿ, ಅಲುಗಾಡುವ ಹಲಗೆ ಯಾವುದೆಂದು ನೋಡುತ್ತಿದ್ದೆ. ಆಗ ಎರಡು ಏಟು ಬಿದ್ದವು, ನನ್ನ ಅಂಗೈಗೇ. ಹಲಗೆಯ ಆಚೆ ಬದಿ ಯಾರೋ ಕೈ ತೂಕ ಹಾಕಿ ಕೋಲೂರಿದ್ದು ನನ್ನ ಮೊಣಕೈವರೆಗೆ ತಿಳಿಯಿತು.

ನನಗೆ ಹೆದರಿಕೆಯಾಯಿತು. ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಹೆದರಿದಾಗ ನನಗೆ ಸಿಟ್ಟು ಬರುತ್ತದೆ, ಸಿಟ್ಟಿನಲ್ಲಿ ಮೇಲೆ ಹತ್ತಿದೆ. ಕೋಣೆಯಲ್ಲಿ ಹಾಸಿಗೆಯಿಲ್ಲದ ಮಂಚ, ಒಂದು ಬೀರು, ಗೋಡೆಯ ಗೂಟಕ್ಕೆ ನೇತುಹಾಕಿದ ಕೋಲು. ಕಿಟಕಿ ಮುಚ್ಚಿತ್ತು. ಔಷಧಿಯ ವಾಸನೆ, ವಯಸ್ಸಾದವರ ವಾಸನೆ ಇನ್ನೂ ಹೋಗಿರಲಿಲ್ಲ. ನಾನು ನಡುವೆ ಅಲುಗಾಡದೆ ನಿಂತೆ. ಏನೂ ಕೇಳಿಸಲಿಲ್ಲ, ನನ್ನ ಉಸಿರು ಬಿಟ್ಟರೆ. ಕೆಳಗಿನಿಂದ ಪ್ರೆಬೆನ್ ಕೂಗಿದ, "ಸಾಕು ಮಾರಾಯ್ತಿ, ಬಡೀಬೇಡ, ಧೂಳೆಲ್ಲ ಕಣ್ಣಿಗೆ ಬೀಳ್ತಿದೆ."

ನಾನು ಬಡಿದಿರಲಿಲ್ಲ. ಕೆಳಗೆ ಹೋಗಿ ಅದನ್ನು ಹೇಳಿದ ಮೇಲೆ ಪ್ರೆಬೆನ್ ಆ ಮನೆಯಲ್ಲಿ ಅತ್ತೆಯ ವಿಷಯ ಎತ್ತಲಿಲ್ಲ. ಕೆಲಸ ಬೇಗ ಮುಗಿಸೋಣ ಎಂದಷ್ಟೇ ಹೇಳಿದ. ಮುಗಿಸದೆ ಓಡಿಹೋಗಬಹುದಿತ್ತು. ಆದರೆ ನಾನು ಹುಂಬಿ. ಸದ್ದು ಯಾರದಾದರೇನು, ಸದ್ದು ಸದ್ದೇ, ತಡೆಯುವ ಕ್ರಮವೂ ಒಂದೇ ಎಂದು ಹಟಕ್ಕೆ ಬಿದ್ದೆ. ಲೋನೆ ಮಣ್ಣಿನ ಚೀಲದ ಮೇಲಿಂದ ಎದ್ದು ನಾಲ್ಕು ಹೆಜ್ಜೆ ನಡೆದದ್ದು ಕಣ್ಣಿಗೆ ಕಟ್ಟಿತ್ತು. ಸತ್ತ ಮೇಲೂ ಒಬ್ಬರನ್ನು ಹೀಗೆ ದುಡಿಸಿಕೊಳ್ಳುವುದು ಅನ್ಯಾಯ ಎನಿಸಿತು.

ನನ್ನ ಬದುಕಿನಲ್ಲಿ ಅಂಥ ಕೆಲಸ ಮಾಡಿಲ್ಲ. ಹೊಸ ಚಾವಣಿ ಹಳೆಯದನ್ನು ಎಲ್ಲೂ ಮುಟ್ಟಬಾರದು, ಒಂದೇ ಒಂದು ಮೊಳೆ ಮುಟ್ಟಿದರೂ ಸದ್ದು ಅದನ್ನೇ ಹಿಡಿದು ಇಳಿಯುತ್ತದೆ. ಹಾಗಾಗಿ ಇಡೀ ಚಾವಣಿಯನ್ನು ರಬ್ಬರಿನ ಕೊಂಡಿಗಳಿಂದ ತೂಗುಹಾಕಿದೆ. ತೊಲೆಗಳ ನಡುವೆ ಕಲ್ಲು ಕರಗಿಸಿ ಎಳೆ ತೆಗೆದ ಕಲ್ಲುಣ್ಣೆ ತುಂಬಿದೆ. ಸ್ಪೀಕರಿನ ಪೆಟ್ಟಿಗೆಗಳಿಗೆ ಎರಡು ಪದರ ಹಲಗೆ, ತಂತಿ ಒಳಬರುವ ತೂತಿಗೂ ಅಂಟು. ಅದರ ಕೆಳಗೆ ಜಿಪ್ಸಮ್ ಹಲಗೆ ಎರಡು ಪದರ, ನಡುವೆ ಎಂದೂ ಒಣಗದ ಗೋಂದು. ಗಾಳಿ ನುಸುಳುವ ಕಡೆ ಸದ್ದೂ ನುಸುಳುತ್ತದೆ ಎನ್ನುವುದು ನಮ್ಮ ಕಸುಬಿನ ಮೊದಲ ಪಾಠ, ಆದ್ದರಿಂದ ಗೋಡೆಯ ಅಂಚು, ಮೂಲೆ, ಸ್ವಿಚ್ಚಿನ ಹಿಂಬದಿ ಎಲ್ಲವನ್ನೂ ಮೆತ್ತಿದೆ. ಇದ್ದ ಒಂದು ಕಿಟಕಿಗೆ ಉಣ್ಣೆ ತುಂಬಿ ಮೇಲೆ ಹಲಗೆ ಹೊಡೆದು ಬಣ್ಣ ಬಳಿದೆ. ಸಿನಿಮಾ ನೋಡುವವರಿಗೆ ಕಿಟಕಿ ಏಕೆ? ಬಾಗಿಲು ಒಂದರ ಹಿಂದೆ ಒಂದರಂತೆ ಎರಡು, ಅಂಚಿಗೆ ರಬ್ಬರು. ನಡುವೆ ಬಡಿತ ಆಗಾಗ ಕೇಳಿಸುತ್ತಿತ್ತು, ದಿನದಿನಕ್ಕೆ ದೂರವಾಗುತ್ತ ಹೋಯಿತು. ಗೋಡೆಯಂಚಿನ ಕೊನೆಯ ಸಂದು ಮುಚ್ಚಿದ ದಿನ ನಿಂತೇಹೋಯಿತು.

ಕೆಲಸ ಒಪ್ಪಿಸುವ ದಿನ ಕೋಣೆಯ ನಡುವೆ ಸದ್ದಳೆಯುವ ಯಂತ್ರ ಇಟ್ಟು, ಎಲ್ಲರೂ ಹೊರಗೆ ಬಂದು, ಬಾಗಿಲು ಹಾಕಿ ಹತ್ತು ನಿಮಿಷ ಕಾದೆವು. ಹದಿನೆಂಟು ಡೆಸಿಬೆಲ್ ತೋರಿಸಿತ್ತು. ಸಾಮಾನ್ಯ ಮನೆಯ ಖಾಲಿ ಕೋಣೆ ಮೂವತ್ತು ದಾಟುತ್ತದೆ. ಪ್ರೆಬೆನ್ ಟೋಪಿ ತೆಗೆದು ನನಗೆ ನಮಸ್ಕರಿಸಿದ, ತಮಾಷೆಗಲ್ಲ.

ಲೋನೆ ನಮ್ಮನ್ನು ಬಿಡಲಿಲ್ಲ. ಮೂರು ಚರ್ಮದ ಕುರ್ಚಿ ತರಿಸಿದ್ದಳು, ಮೂವರೂ ಕೂತು ಒಂದು ಸಿನಿಮಾ ನೋಡಿದೆವು. ಚಾವಣಿಯ ನಾಲ್ಕು ಸ್ಪೀಕರಿನಿಂದ ಸಿನಿಮಾದ ಮಳೆ ನಮ್ಮ ತಲೆಯ ಮೇಲೇ ಸುರಿಯಿತು. ಮುಕ್ಕಾಲು ಭಾಗ ಬಂದಾಗ ಅವಳ ಕೈ ಕುರ್ಚಿಯ ತೋಳನ್ನು ಗಟ್ಟಿಯಾಗಿ ಹಿಡಿಯಿತು. ನಾನು ಅವಳನ್ನೇ ನೋಡುತ್ತಿದ್ದೆ. ಏಟು ಬೀಳಲಿಲ್ಲ. ಸಿನಿಮಾ ಮುಗಿಯಿತು, ಹೆಸರುಗಳು ಉರುಳಿದವು. ಅವಳು ಕೊನೆಯ ಹೆಸರಿನವರೆಗೂ ಕೂತು ಅತ್ತಳು. ಪ್ರೆಬೆನ್ ಅರ್ಧದಲ್ಲೇ ನಿದ್ದೆ ಹೋಗಿದ್ದ, ಎದ್ದು ಕೊನೆಗೆ ಏನಾಯ್ತು ಎಂದು ಕೇಳಿದ. ಲೋನೆ ಅವನಿಗೆ ಪೂರ್ತಿ ಕಥೆ ಹೇಳಿದಳು. ಅಷ್ಟು ಸಂತೋಷವಾಗಿ ನಾನು ಯಾವ ಮನೆಯಿಂದಲೂ ಹೊರಬಂದಿರಲಿಲ್ಲ.

ಮೂರು ವಾರದ ಮೇಲೆ, ಡಿಸೆಂಬರಿನ ನಡುವಿನ ಒಂದು ಮಧ್ಯಾಹ್ನ, ಅವಳು ಫೋನ್ ಮಾಡಿ ಬಾ ಎಂದಳು. ಏನಾಗಿದೆ ಎಂದರೆ ಬಾ ಎಂದಷ್ಟೇ ಹೇಳಿದಳು. ಹೋದೆ. ಅಡುಗೆಮನೆಯ ಬೆಂಚಿನ ಮೇಲೆ ದಿಂಬು, ಹೊದಿಕೆ ಇದ್ದವು. ಅವಳು ಅಲ್ಲೇ ಮಲಗುತ್ತಿದ್ದಳು. ಕಣ್ಣಿನ ಸುತ್ತ ಕಪ್ಪಾಗಿತ್ತು. ಬಡಿತ ಮತ್ತೆ ಕೇಳಿಸಿತೇ ಎಂದು ಕೇಳಿದೆ. ನನ್ನ ಕೆಲಸದ ಮೇಲಿನ ಜಂಬ, ಅದೇ ಮೊದಲು ಬಾಯಿಗೆ ಬಂದದ್ದು.

"ಕೇಳಿಸ್ತಿಲ್ಲ. ಅದೇ ತೊಂದರೆ," ಎಂದಳು. "ಕೋಲಿನ ಸದ್ದು ಬರ್ತಿದ್ದಾಗ ಅವರು ಮಂಚದ ಮೇಲಿದ್ದಾರೆ ಅಂತಾದ್ರೂ ಗೊತ್ತಿರ್ತಿತ್ತು. ಈಗ ಎಲ್ಲಿದ್ದಾರೋ ಗೊತ್ತಿಲ್ಲ."

ಮೊದಲ ವಾರ ಏನೂ ಆಗಲಿಲ್ಲವಂತೆ. ಎರಡನೆಯ ವಾರ ಮೇಲಿನ ಕೋಣೆಯ ಬಾಗಿಲು ತೆರೆದಿತ್ತು. ಹಾಕಿ ಬಂದಳು. ಮರುದಿನ ಮತ್ತೆ ತೆರೆದಿತ್ತು, ಗೂಟದ ಮೇಲೆ ಕೋಲು ಇರಲಿಲ್ಲ. ಅದು ಮೇಲಿನ ಮೆಟ್ಟಿಲಿನ ಬಳಿ ಸಿಕ್ಕಿತು. ಅದರ ಮರುದಿನ ನಡುಮೆಟ್ಟಿಲಲ್ಲಿ. ಎಸ್ಕಿಲ್‌ನನ್ನು ಕೇಳಿದರೆ, ನೀನೇ ಎಲ್ಲೋ ಇಟ್ಟು ಮರೆತಿರುತ್ತೀಯ ಎಂದ. ನಾಲ್ಕು ದಿನದ ಹಿಂದೆ ಕೋಲು ಸಿನಿಮಾ ಕೋಣೆಯ ಬಾಗಿಲಿಗೆ ಒರಗಿತ್ತು. ಅಂದಿನಿಂದ ಅವಳು ಆ ಬಾಗಿಲು ತೆರೆದಿರಲಿಲ್ಲ.

ಕೇಳುತ್ತಿದ್ದ ಹಾಗೇ ನನಗೆ ಹೊಳೆಯಿತು. ಸದ್ದಿಗೆ ಒಂದೇ ದಿಕ್ಕಿನ ಬಾಗಿಲು ಎಂಬುದಿಲ್ಲ. ಮೇಲಿನದ್ದು ಕೆಳಗೆ ಬರದಂತೆ ಮಾಡಿದರೆ ಕೆಳಗಿನದ್ದೂ ಮೇಲೆ ಹೋಗುವುದಿಲ್ಲ. ಮುದುಕಿ ಬಡಿದಿದ್ದಾರೆ. "ಬಂದೆ ಅತ್ತೆ" ಎನ್ನುವ ಉತ್ತರ ಬಂದಿಲ್ಲ. ಹಾಗೆ ಎಷ್ಟು ದಿನ ಬಡಿದರೋ. ಕೊನೆಗೆ ಸೊಸೆಗೆ ಏನಾಯಿತೋ ಎಂದು ನೋಡಲು ತಾವೇ ಇಳಿದು ಬಂದಿದ್ದಾರೆ.

ನಾನು ಅಳೆಯುವ ಯಂತ್ರ ತಂದೆ. ಬಾಗಿಲೆರಡನ್ನೂ ತೆರೆದು ಅದನ್ನು ಒಳಗಿಟ್ಟು ಹೊರಬಂದು ಮುಚ್ಚಿದೆ. ಹತ್ತು ನಿಮಿಷ ಬಿಟ್ಟು ತೆಗೆದು ನೋಡಿದರೆ, ಒಪ್ಪಿಸಿದ ದಿನ ಹದಿನೆಂಟಿದ್ದದ್ದು ಈಗ ಇಪ್ಪತ್ತಮೂರು. ನನ್ನ ಲೆಕ್ಕ ನನಗೆ ಗೊತ್ತು. ಆ ಕೋಣೆಯಲ್ಲಿ ಒಬ್ಬರು ಕುಳಿತು ಸುಮ್ಮನೆ ಉಸಿರಾಡಿದರೆ ಬರುವಷ್ಟು. ತಪ್ಪಿರಬಹುದೆಂದು ಇನ್ನೊಮ್ಮೆ ಇಟ್ಟೆ. ಮತ್ತೆ ಇಪ್ಪತ್ತಮೂರು. ಅದನ್ನು ಲೋನೆಗೆ ತೋರಿಸಿದೆ. ತೋರಿಸಬಾರದಿತ್ತೇನೋ. ಅವಳು ಅಡುಗೆಮನೆಗೆ ಹೋಗಿ ಮೇಜಿನ ಮುಂದೆ ಕೂತಳು, ಕೈ ಎರಡನ್ನೂ ಮೇಜಿನ ಮೇಲಿಟ್ಟಳು. ಆಗ ಉಳಿದ ಅರ್ಧ ಹೊರಗೆ ಬಂತು.

ಅತ್ತೆ ತೀರಿಹೋದ ದಿನವೂ ಅವಳು ಒಂದು ಸಿನಿಮಾ ನೋಡುತ್ತಿದ್ದಳು. ಮುಗಿಯಲು ಇನ್ನು ಇಪ್ಪತ್ತು ನಿಮಿಷ. ಮೇಲೆ ಬಡಿತ ಶುರುವಾಯಿತು. ಒಂದಲ್ಲ, ಎರಡಲ್ಲ, ಮೂರೂ ಅಲ್ಲ, ಲೆಕ್ಕವಿಲ್ಲದ ಬಡಿತ. ಇಪ್ಪತ್ತೇ ನಿಮಿಷ ಎಂದುಕೊಂಡು ಅವಳು ಸೌಂಡ್ ಜಾಸ್ತಿ ಮಾಡಿದಳು. ಬಡಿತ ನಿಂತಿತು. ನಿಂತದ್ದು ಕೇಳಿಸಿದಾಗ ಟಿವಿ ಆರಿಸಿದಳು, ಆ ಸಿನಿಮಾದ ಕೊನೆಯನ್ನೂ ನೋಡಲಿಲ್ಲ. ಮೇಲೆ ಹೋದರೆ ಎಲ್ಲ ಮುಗಿದಿತ್ತು.

"ನರ್ಸ್ ಬಂದ್ಲು," ಎಂದಳು ಲೋನೆ. "ಕಿಟಕಿ ತೆಗೆದ್ಯಾ ಅಂತ ಕೇಳಿದ್ಲು. ಹೂಂ, ಆಗ್ಲೇ ತೆಗೆದು ಮುಚ್ಚಿದೆ ಅಂದೆ. ತೆಗೆದಿರ್ಲಿಲ್ಲ, ಥೋರಾ."

ನಮ್ಮಲ್ಲಿ ಯಾರಾದರೂ ಕಣ್ಣು ಮುಚ್ಚಿದರೆ ಆ ಕೂಡಲೇ ಕಿಟಕಿ ತೆಗೆಯುತ್ತೇವೆ. ಜೀವ ಹೊರಗೆ ಹೋಗಲಿ ಎಂದು. ಚರ್ಚಿನ ಮುಖ ನೋಡದವರೂ ತೆಗೆಯುತ್ತಾರೆ, ಆಸ್ಪತ್ರೆಯವರೂ ತೆಗೆಯುತ್ತಾರೆ. ಪಕ್ಕದಲ್ಲಿ ಇದ್ದವರು ತೆಗೆಯಬೇಕು. ತೆಗೆದಿಲ್ಲ ಎಂದಿದ್ದರೆ ಪಕ್ಕದಲ್ಲಿ ಇರಲಿಲ್ಲ ಎಂದು ಒಪ್ಪಿಕೊಂಡ ಹಾಗೆ. ನರ್ಸಿಗೆ ಹೇಳಿದ ಸುಳ್ಳನ್ನೇ ಅವಳು ಗಂಡನಿಗೂ ಹೇಳಿದಳು, ಕೈ ಹಿಡಿದುಕೊಂಡೇ ಇದ್ದೆ ಎಂದು ಸೇರಿಸಿದಳು. ಅವನು ಅವಳನ್ನು ಅಪ್ಪಿಕೊಂಡು ಅತ್ತಿದ್ದನಂತೆ.

ನನಗೆ ಅವಳ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಹನ್ನೊಂದು ವರ್ಷದಲ್ಲಿ ಇಪ್ಪತ್ತು ನಿಮಿಷ. ನಾನಾಗಿದ್ದರೆ ಮೊದಲ ವರ್ಷವೇ ಸೌಂಡ್ ಜಾಸ್ತಿ ಮಾಡುತ್ತಿದ್ದೆ. ಹಾಗೆಂದು ಹೇಳಿದೆ ಕೂಡ. ಅವಳು ನಗಲಿಲ್ಲ.

ಕಿಟಕಿ ತಾನೇ, ಈಗ ತೆಗೆದರಾಯಿತು ಎಂದು ಎದ್ದೆ. ಇಬ್ಬರೂ ಮೇಲೆ ಹೋದೆವು. ಬಣ್ಣ ಅಂಟಿಕೊಂಡಿದ್ದ ಚೌಕಟ್ಟನ್ನು ಉಳಿಯಿಂದ ಬಿಡಿಸಿ ಕಿಟಕಿಯ ಎರಡೂ ಕದ ಹಾರುಹೊಡೆದೆ. ಹಿಮದ ಗಾಳಿ ನುಗ್ಗಿತು, ಔಷಧಿಯ ವಾಸನೆ ಹೋಯಿತು. ಅರ್ಧ ಗಂಟೆ ಬಿಟ್ಟು ಕೆಳಗಿಳಿದು ಅಳೆದೆ. ಇಪ್ಪತ್ತಮೂರು. ಮೇಲಿನ ಕಿಟಕಿ ತೆಗೆದು ಏನು ಬಂತು? ಅವರು ಮೇಲೆ ಇರಲಿಲ್ಲ. ನಾನು ಗಾಳಿಗೂ ಜಾಗ ಬಿಡದೆ ಮೆತ್ತಿದ ಕೋಣೆಯಲ್ಲಿ ಇದ್ದರು, ಅಲ್ಲಿದ್ದ ಒಂದೇ ಕಿಟಕಿಯನ್ನೂ ನಾನೇ ಮುಚ್ಚಿದ್ದೆ.

ವ್ಯಾನಿನಿಂದ ಗರಗಸ ತಂದೆ. ನನ್ನ ಕೈಯ ಅಷ್ಟು ಒಳ್ಳೆಯ ಕೆಲಸವನ್ನು ನಾನೇ ಕೊರೆದೆ, ಬಣ್ಣದ ಹಲಗೆ, ಗೋಂದು, ಇನ್ನೊಂದು ಹಲಗೆ, ಉಣ್ಣೆ. ಮೂರು ಕುರ್ಚಿಗಳಿಗೂ ಬೆನ್ನು ಹಾಕಿ ಕೆಲಸ ಮಾಡಬೇಕಾಗಿತ್ತು. ನಡುವೆ ಒಮ್ಮೆ ಗರಗಸ ನಿಲ್ಲಿಸಿದಾಗ ಚರ್ಮದ ಕುರ್ಚಿ ಕಿರ್ರೆಂದಿತು, ಯಾರೋ ಮಗ್ಗುಲು ಬದಲಿಸಿದ ಹಾಗೆ. ತಿರುಗಿ ನೋಡುವ ಧೈರ್ಯ ಬರಲಿಲ್ಲ. ಕಿಟಕಿಯ ಹಿಡಿ ಕೈಗೆ ಸಿಕ್ಕಿತು, ತಿರುಗಿಸಿ ತಳ್ಳಿದೆ. ಮಧ್ಯಾಹ್ನದ ಬೂದುಬೆಳಕು, ಕಡಲಹಕ್ಕಿಗಳ ಕೂಗು, ಕೆಳಗೆ ಬಂದರಿನ ಎಂಜಿನ್ನುಗಳ ಸದ್ದು ಎಲ್ಲ ಒಟ್ಟಿಗೆ ಒಳಬಂದವು.

ಲೋನೆ ಬಾಗಿಲಲ್ಲಿ ನಿಂತಿದ್ದಳು. ನಡುವಿನ ಕುರ್ಚಿಯನ್ನೇ ನೋಡುತ್ತಿದ್ದಳು. ನಾನೂ ನೋಡಿದೆ. ಕೂರುವ ಕಡೆ ಚರ್ಮ ತಗ್ಗಾಗಿತ್ತು.

"ಅತ್ತೆ, ಕಿಟಕಿ ತೆಗೆದಿದೆ," ಎಂದಳು. ಧ್ವನಿ ಸಣ್ಣದಾಗಿತ್ತು, ಸ್ಪಷ್ಟವಾಗಿತ್ತು. "ಆ ದಿನ ನನಗೆ ಕೇಳಿಸಿತ್ತು. ಕೇಳಿಸಿಯೂ ಬರಲಿಲ್ಲ. ನನ್ನ ತಪ್ಪು. ಇನ್ನು ನೀವು ಹೋಗಿ."

ಕಾದೆವು. ಐದು ನಿಮಿಷ, ಹತ್ತು ನಿಮಿಷ. ನನ್ನ ಹಲ್ಲು ಕಟಕಟ ಎನ್ನುತ್ತಿದ್ದವು. ತಗ್ಗು ಹಾಗೇ ಇತ್ತು. ಹೋಗಿಬಿಡಿ ತಾಯಿ, ಹೋಗಿಬಿಡಿ, ಅವಳನ್ನು ಬಿಟ್ಟುಬಿಡಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಲೋನೆ ನನ್ನ ಪಕ್ಕದಿಂದ ಕಿಟಕಿಯ ಹತ್ತಿರ ಹೋದಳು. ಹೊರಗೆ ನೋಡುತ್ತಾಳೆ ಎಂದುಕೊಂಡೆ. ಅವಳು ಕಿಟಕಿ ಮುಚ್ಚಿ ಹಿಡಿ ತಿರುಗಿಸಿದಳು.

"ಏನ್ ಮಾಡ್ತಿದ್ದೀಯ ಲೋನೆ?"

"ಅವರಿಗೆ ಚಳಿ ತಡಿಯೋಕೆ ಆಗಲ್ಲ," ಎಂದಳು.

ಅಡುಗೆಮನೆಯ ಬೆಂಚಿನ ಮೇಲಿದ್ದ ತನ್ನ ಹೊದಿಕೆ ತಂದಳು. ಅದನ್ನು ಕೊಡವಿ ನಡುವಿನ ಕುರ್ಚಿಯ ಮೇಲೆ ಹರವಿದಳು, ಎರಡೂ ಬದಿ ಒಳಗೆ ಸೇರಿಸಿದಳು, ಹನ್ನೊಂದು ವರ್ಷ ಮಾಡಿದ ಕೈಯ ಚುರುಕಿನಲ್ಲಿ. ಹೊದಿಕೆ ಕುರ್ಚಿಗೆ ಚಪ್ಪಟೆಯಾಗಿ ಬೀಳಲಿಲ್ಲ. ಮೊಣಕಾಲಿನ ಕಡೆ ಎತ್ತರವಾಗಿ ನಿಂತಿತು. ಲೋನೆ ಅದರ ಮೇಲೆ ಒಮ್ಮೆ ಮೆಲ್ಲಗೆ ತಟ್ಟಿದಳು.

"ಹಲಗೆ ವಾಪಸ್ ಹೊಡೆದುಬಿಡು, ಥೋರಾ. ಎಲ್ಲೂ ಗಾಳಿ ಬರಬಾರ್ದು."

ಆಗುವುದಿಲ್ಲ ಎನ್ನಬಹುದಿತ್ತು. ಅವಳ ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಹೋಗಬಹುದಿತ್ತು. ಇವತ್ತಿಗೂ ಅದನ್ನೇ ಯೋಚಿಸುತ್ತೇನೆ. ನಾನು ಉಣ್ಣೆ ತುಂಬಿದೆ, ಹಲಗೆ ಕೂರಿಸಿದೆ, ಅಂಚಿಗೆಲ್ಲ ಗೋಂದು ಎಳೆದೆ. ಒಂದು ಸಂದೂ ಬಿಡಲಿಲ್ಲ. ಸಾಮಾನು ಎತ್ತಿಕೊಂಡು ಬಾಗಿಲಿಗೆ ಬಂದಾಗ ಲೋನೆ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದಳು, ಕೈಯಲ್ಲಿ ರಿಮೋಟ್ ಇತ್ತು. ನನ್ನ ಕಡೆ ತಿರುಗಲಿಲ್ಲ.

"ಎಲ್ಲಿಂದ ಹಾಕ್ಲಿ ಅತ್ತೆ," ಎನ್ನುತ್ತಿದ್ದಳು, "ಮೊದಲಿಂದಲೇ?"

ನಾನು ಬಾಗಿಲು ಎಳೆದುಕೊಂಡೆ. ಹೊರಗೆ ಏನೂ ಕೇಳಿಸಲಿಲ್ಲ.